ಡೈವೋರ್ಸ್ ಆದರೆ ಗಂಡನ ಸಾಲದಲ್ಲಿ ಅರ್ಧ ನನ್ನ ತಲೆ ಮೇಲೆ ಬರುತ್ತಾ?

ಪ್ರಶ್ನೆ: ನಾನು ಜಮಖಂಡಿ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಗಂಡನಿಗೆ ಬನಹಟ್ಟಿಯಲ್ಲಿ ಪವರ್‌ಲೂಮ್ ಮಗ್ಗಗಳಿವೆ. ಎರಡು ವರ್ಷದಿಂದ ಮಗಳ ಜೊತೆ ತವರಲ್ಲಿದ್ದೇನೆ. ಇಬ್ಬರೂ ಒಪ್ಪಿ ಡೈವೋರ್ಸ್ ತಗೊಳ್ಳೋಣ ಅಂತ ಮಾತಾಗಿದೆ. ಜಗಳ ಈಗ ಸಾಲದ್ದು. ಮನೆ ಸಾಲ 18 ಲಕ್ಷ ಬಾಕಿ ಇದೆ, ಮನೆ ಅವರ ಹೆಸರಲ್ಲಿ, ಸಾಲಕ್ಕೆ ಇಬ್ಬರ ಸಹಿ. ಮಗ್ಗಕ್ಕೆ ಸೊಸೈಟಿಯಲ್ಲಿ 7 ಲಕ್ಷ, ಅದಕ್ಕೆ ನಾನೂ ಅವರ ಗೆಳೆಯರೊಬ್ಬರೂ ಜಾಮೀನು. ನಾದಿನಿ ಮದುವೆಗೆ ನನ್ನ ಹೆಸರಲ್ಲಿ ತೆಗೆದ ಪರ್ಸನಲ್ ಲೋನ್ ಇನ್ನೂ 3 ಲಕ್ಷ. ನನ್ನ 12 ತೊಲೆ ಬಂಗಾರವನ್ನು ಅವರ ಹೆಸರಲ್ಲಿ ಅಡವಿಟ್ಟು 5 ಲಕ್ಷ ತಂದಿದ್ದಾರೆ. ಇದಲ್ಲದೆ 6 ಲಕ್ಷ ಕೈಗಡ ಇದೆ ಅಂತಾರೆ, ನಾನು ಒಂದು ಕಾಗದವನ್ನೂ ನೋಡಿಲ್ಲ. ನನ್ನ ಸಹಿ ಇರುವ ಎರಡು ಖಾಲಿ ಚೆಕ್ ನೂಲಿನ ವ್ಯಾಪಾರಿ ಹತ್ತಿರ ಇವೆ. ಹಿರಿಯರು ಕೂತು "ಇಬ್ರೂ ಅರ್ಧಾ ಅರ್ಧಾ ಹಂಚ್ಕೋರಿ, ಮುಗಸ್ರಿ" ಅಂದರು. ಮುಂದಿನ ವಾರ ಬಾಂಡ್ ಪೇಪರ್ ಮೇಲೆ ಬರೆದುಕೊಡಬೇಕಂತೆ. ಕಾನೂನಿನಲ್ಲೂ ಹೀಗೇ ಇದೆಯಾ?

ಉತ್ತರ: ಇಲ್ಲ. ಬಾಂಡ್ ಪೇಪರ್‌ಗೆ ಸದ್ಯ ಸಹಿ ಹಾಕಬೇಡಿ. ಯಾಕೆ ಅಂತ ಹೇಳುತ್ತೇನೆ.

ನೀವು ಬರೆದ ಸಾಲವನ್ನೆಲ್ಲ ಕೂಡಿಸಿದರೆ 39 ಲಕ್ಷ. ಹಿರಿಯರ ಲೆಕ್ಕದಲ್ಲಿ ನಿಮ್ಮ ಪಾಲು ಹತ್ತೊಂಬತ್ತೂವರೆ ಲಕ್ಷ. ಈ ಅಂಕಿ ಎರಡು ಕಡೆಯಿಂದಲೂ ತಪ್ಪು. ಗಂಡ-ಹೆಂಡತಿ ನಡುವಿನ ನ್ಯಾಯ ನೋಡಿದರೆ ನಿಮ್ಮ ಪಾಲು ಇದಕ್ಕಿಂತ ತುಂಬಾ ಕಡಿಮೆ. ಆದರೆ ಬ್ಯಾಂಕು, ಸೊಸೈಟಿ ಕಡೆಯಿಂದ ನೋಡಿದರೆ ನಿಮ್ಮ ಮೇಲಿರುವ ಹೊರೆ 28 ಲಕ್ಷ. ಮನೆ ಸಾಲದ ಪೂರ್ತಿ 18, ಸೊಸೈಟಿಯ ಪೂರ್ತಿ 7, ನಿಮ್ಮ ಹೆಸರಿನ 3. ಅರ್ಧ ಅಲ್ಲ, ಪೂರ್ತಿ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರಿಗೆ ಈ ಎರಡನೇ ಮಾತು ಗೊತ್ತಿರುವುದಿಲ್ಲ. "ಕೋರ್ಟಿನಲ್ಲಿ ಬರೆಸಿದ್ದೀವಲ್ಲ ಸಾಹೇಬ್ರ, ಸಾಲ ಅವರೇ ಕಟ್ಟತಾರ ಅಂತ" ಎಂದು ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಹಿಡಿದು ಬರುತ್ತಾರೆ, ಕೈಯಲ್ಲಿ ಬ್ಯಾಂಕಿನ ನೋಟಿಸೂ ಇರುತ್ತದೆ.

ನಮ್ಮ ಕರ್ನಾಟಕದಲ್ಲಿ ಮದುವೆಯಾದ ಮೇಲೆ ಮಾಡಿದ ಆಸ್ತಿ, ಸಾಲ ಎರಡೂ ತನ್ನಷ್ಟಕ್ಕೆ ಇಬ್ಬರದು ಅನ್ನುವ ಕಾನೂನೇ ಇಲ್ಲ. ಕೆಲವು ಹೊರದೇಶಗಳಲ್ಲಿ ಇದೆ, ಮೊಬೈಲಿನಲ್ಲಿ ಹುಡುಕಿದರೆ ಅದೇ ಮೊದಲು ಸಿಗುತ್ತದೆ, ಜನ ಅದನ್ನೇ ನಂಬುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಜೀವನಾಂಶದ ಬಗ್ಗೆ ಇದೆ, ಮಕ್ಕಳ ಬಗ್ಗೆ ಇದೆ, ಮದುವೆಯ ಸಮಯದಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳ ಬಗ್ಗೆ 27ನೇ ಕಲಂ ಇದೆ. ಸಾಲ ಹಂಚುವ ಕಲಂ ಇಲ್ಲ. ಸಾಲಕ್ಕೆ ಅನ್ವಯಿಸುವುದು 1872ರ ಕರಾರು ಕಾಯ್ದೆ. ಅದು ಕೇಳುವುದು ಯಾರ ಸಹಿ ಇದೆ, ಯಾವ ಜಾಗದಲ್ಲಿ ಇದೆ ಅಂತ ಮಾತ್ರ. ನೀವು ಯಾವ ಧರ್ಮದವರು, ಕೂಡಿ ಇದ್ದೀರಾ, ಬೇರೆಯಾಗಿದ್ದೀರಾ, ಅದಕ್ಕೆ ಬೇಕಿಲ್ಲ. ಹೆಂಡತಿ ಅನ್ನುವ ಒಂದೇ ಕಾರಣಕ್ಕೆ ಗಂಡನ ಸಾಲ ನಿಮ್ಮದಾಗಲ್ಲ. ಹಾಗೇ, ಡೈವೋರ್ಸ್ ಆಯ್ತು ಅನ್ನುವ ಕಾರಣಕ್ಕೆ ನೀವು ಸಹಿ ಮಾಡಿದ ಸಾಲ ನಿಮ್ಮನ್ನು ಬಿಡುವುದೂ ಇಲ್ಲ. ಫ್ಯಾಮಿಲಿ ಕೋರ್ಟ್ ಕೇಸಿನಲ್ಲಿ ಬ್ಯಾಂಕು ಪಾರ್ಟಿಯೇ ಅಲ್ಲ, ಹಾಗಾಗಿ ಅಲ್ಲಿ ನೀವಿಬ್ಬರು ಏನೇ ಬರೆದುಕೊಂಡರೂ ಅದು ನಿಮ್ಮಿಬ್ಬರ ನಡುವಿನ ಮಾತು. ಬ್ಯಾಂಕನ್ನು ಅದು ಕಟ್ಟಿಹಾಕಲ್ಲ.

ಇನ್ನು ನಿಮ್ಮ ಒಂದೊಂದು ಸಾಲಕ್ಕೆ ಬರೋಣ. ನನಗೆ ಹೆಚ್ಚು ಚಿಂತೆ ಇರುವುದು ಸೊಸೈಟಿಯದ್ದು, ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಕಡೆ ಸರ್ಕಾರಿ ನೌಕರರ ಜಾಮೀನು ಸಿಕ್ಕರೆ ಸೊಸೈಟಿಯವರು ಬೇರೆ ಏನೂ ಕೇಳಲ್ಲ. ಯಾಕೆ ಗೊತ್ತಾ? ಸಾಲಗಾರ ಮಗ್ಗ ಮಾರಿ ಮಹಾರಾಷ್ಟ್ರದ ಇಚಲಕರಂಜಿಗೆ ಹೋಗಬಹುದು, ಟೀಚರ್ ಸಂಬಳ ಎಲ್ಲಿಗೂ ಹೋಗಲ್ಲ. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. "ಮೊದಲು ಅವರನ್ನು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ" ಅನ್ನಲು ಬರಲ್ಲ. ಸಾಲ ಕಟ್ಟುವುದು ನಿಂತರೆ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಕೆಳಗೆ ದಾವೆ ಹೂಡುತ್ತಾರೆ, ಅದರಲ್ಲಿ ಸಾಲಗಾರನ ಜೊತೆ ಜಾಮೀನುದಾರರ ಹೆಸರೂ ಇರುತ್ತದೆ. ಇನ್ನೊಂದು ವಿಷಯ. ಜಾಮೀನು ಪತ್ರಕ್ಕೆ ಸಹಿ ಹಾಕಿದ ದಿನ ನಿಮ್ಮಿಂದ ಇನ್ನೂ ಎರಡು ಮೂರು ಹಾಳೆಗೆ ಸಹಿ ತಗೊಂಡಿರುತ್ತಾರೆ. ಅದರಲ್ಲಿ ಒಂದು, ಸಂಬಳದಿಂದ ಮುರಿದುಕೊಳ್ಳಲು ಒಪ್ಪಿಗೆ ಪತ್ರ ಇರುವ ಸಾಧ್ಯತೆ ಜಾಸ್ತಿ. ಅದು ಇದ್ದರೆ ಸೊಸೈಟಿಯವರು ನೇರವಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ ಬರೆಯುತ್ತಾರೆ. ಸಾಲದ ವಿಷಯ ನಿಮಗೆ ಗೊತ್ತಾಗುವುದು ಸಂಬಳದ ಚೀಟಿ ನೋಡಿದಾಗ.

ಹಾಗಾಗಿ ಈ ವಾರವೇ ಸೊಸೈಟಿಗೆ ಹೋಗಿ, ಅರ್ಜಿ ಕೊಟ್ಟು ನಿಮ್ಮ ಜಾಮೀನು ಪತ್ರದ ನಕಲು, ಸಾಲದ ಖಾತೆ ಉತಾರ ಕೇಳಿ. ಬಾಯಿಮಾತಲ್ಲಿ ಬೇಡ, ಅರ್ಜಿಯ ಇನ್ನೊಂದು ಪ್ರತಿ ಮೇಲೆ ಸೀಲ್ ಹಾಕಿಸಿಕೊಳ್ಳಿ. ಅದು ಒಂದೇ ಸಲ ಕೊಟ್ಟ ಅವಧಿ ಸಾಲವಾ, ಅಥವಾ ವರ್ಷ ವರ್ಷ ರಿನ್ಯೂ ಆಗುವ, ಮಿತಿಯೊಳಗೆ ಬೇಕಾದಾಗ ಹಣ ತೆಗೆಯುವ ಕ್ಯಾಶ್ ಕ್ರೆಡಿಟ್ಟಾ ನೋಡಿ. ಮಗ್ಗದವರದ್ದು ಎಷ್ಟೋ ಸಲ ಎರಡನೆಯದು. ಅದಾಗಿದ್ದರೆ 130ನೇ ಕಲಂ ಪ್ರಕಾರ "ಇನ್ನು ಮುಂದೆ ತೆಗೆಯುವ ಹಣಕ್ಕೆ ನಾನು ಜಾಮೀನಲ್ಲ" ಅಂತ ಲಿಖಿತ ನೋಟಿಸ್ ಕೊಡಬಹುದು. ಹಳೆಯ ಬಾಕಿ ತಪ್ಪಲ್ಲ, ಆದರೆ ಅದು ಇನ್ನೂ ಬೆಳೆಯುವುದು ನಿಲ್ಲುತ್ತದೆ. ನೀವು ತವರಿಗೆ ಬಂದ ಮೇಲೆ ನಿಮ್ಮನ್ನು ಕೇಳದೆ ಸಾಲದ ಮಿತಿ ಏರಿಸಿದ್ದರೆ, ಆಮೇಲಿನ ವ್ಯವಹಾರಕ್ಕೆ ನೀವು ಹೊಣೆ ಅಲ್ಲ ಅಂತ 133ನೇ ಕಲಂ ಹಿಡಿದು ವಾದ ಮಾಡಬಹುದು. ಆದರೆ ಪತ್ರದ ಸಣ್ಣ ಅಕ್ಷರಗಳಲ್ಲಿ ಈ ಹಕ್ಕುಗಳನ್ನು ಮೊದಲೇ ಬಿಟ್ಟುಕೊಡಿಸಿಕೊಂಡಿರುವುದು ಉಂಟು. ಅದಕ್ಕೇ ಮೊದಲು ನಕಲು ಬೇಕು ಅಂದಿದ್ದು.

ಕೊನೆಗೂ ನೀವೇ ಕಟ್ಟಬೇಕಾಗಿ ಬಂದರೆ? ಕಟ್ಟಿದ ಪ್ರತಿ ರೂಪಾಯಿಯನ್ನೂ ಗಂಡನಿಂದ ವಸೂಲು ಮಾಡುವ ಹಕ್ಕು 145ನೇ ಕಲಂನಲ್ಲಿದೆ, ಕಟ್ಟಿದ ದಿನದಿಂದ ಮೂರು ವರ್ಷದೊಳಗೆ ಕೇಳಬೇಕು. ಇನ್ನೊಬ್ಬ ಜಾಮೀನುದಾರರಿಂದ ಅವರ ಸಮಪಾಲನ್ನೂ ಕೇಳಬಹುದು. ಕಾಗದದ ಮೇಲೆ ಹಕ್ಕು ಗಟ್ಟಿ. ಆದರೆ ಗಂಡನ ಹತ್ತಿರ ಆಗ ಏನು ಉಳಿದಿರುತ್ತದೆ ಅನ್ನುವುದು ಬೇರೆ ಪ್ರಶ್ನೆ ಅಲ್ವಾ? ಡಿಕ್ರಿ ಸಿಗುವುದು ಒಂದು, ದುಡ್ಡು ಸಿಗುವುದು ಇನ್ನೊಂದು.

ಮನೆ ಸಾಲ. ಇಲ್ಲಿ ನೀವು ಜಾಮೀನುದಾರರಲ್ಲ, ಸಾಲಗಾರರೇ. ಕರಾರು ಕಾಯ್ದೆಯ 43ನೇ ಕಲಂ ಪ್ರಕಾರ ಕೂಡಿ ಸಾಲ ಮಾಡಿದವರಲ್ಲಿ ಯಾರ ಹತ್ತಿರ ಬೇಕಾದರೂ ಬ್ಯಾಂಕು ಪೂರ್ತಿ ಹಣ ಕೇಳಬಹುದು. ಬೇರೆ ಮಾತಾಗಿರದಿದ್ದರೆ ಒಬ್ಬರು ಜಾಸ್ತಿ ಕಟ್ಟಿದ್ದನ್ನು ಇನ್ನೊಬ್ಬರಿಂದ ಕೇಳಬಹುದು, ಅದು ನಿಮ್ಮೊಳಗಿನ ಲೆಕ್ಕ. ಗಂಡ ಕಂತು ತಪ್ಪಿಸಿದರೆ ನಿಮ್ಮ ಸಿಬಿಲ್ ಸ್ಕೋರೂ (ಸಾಲ ಸರಿಯಾಗಿ ಕಟ್ಟುತ್ತೀರಾ ಅನ್ನುವ ಅಂಕ) ಬೀಳುತ್ತದೆ. 90 ದಿನ ದಾಟಿದರೆ ಖಾತೆ ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ, ಆಮೇಲೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ಪಡೆಯುವ ಸರ್ಫೇಸಿ ಕಾಯ್ದೆ ಕೆಳಗೆ 60 ದಿನದ ನೋಟಿಸ್, ಅದರ ಹಿಂದೆ ಮನೆ ಹರಾಜು. ಹರಾಜಿನಲ್ಲಿ ಬಂದ ದುಡ್ಡು ಸಾಲಕ್ಕೆ ಸಾಲದಿದ್ದರೆ ಉಳಿದಿದ್ದಕ್ಕೆ ಮತ್ತೆ ನಿಮ್ಮ ಬಾಗಿಲಿಗೂ ಬರುತ್ತಾರೆ.

ಇಷ್ಟಾಗಿ ಮನೆ ನಿಮ್ಮದಲ್ಲ. ಸಾಲದಲ್ಲಿ ಹೆಸರು ಇದೆ, ಮನೆಯ ಉತಾರದಲ್ಲಿ (ಮಾಲೀಕರ ದಾಖಲೆಯಲ್ಲಿ) ಇಲ್ಲ. ಈ ಜೋಡಣೆಯನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸಾಲ ಜಾಸ್ತಿ ಸಿಗಲಿ ಅಂತ ಹೆಂಡತಿಯ ಸಂಬಳದ ಚೀಟಿ ಬೇಕು, ಖರೀದಿ ಪತ್ರ ಮಾಡುವಾಗ ಹೆಂಡತಿ ಬೇಡ. ಮಾಲೀಕತ್ವ ಇಲ್ಲದ್ದರಿಂದ ನೀವು ಕಟ್ಟಿದ ಕಂತಿಗೆ ಮನೆ ಸಾಲದ ತೆರಿಗೆ ವಿನಾಯಿತಿಯೂ ನಿಮಗೆ ಸಿಗಲ್ಲ.

ಆದರೂ ಕೈ ಚೆಲ್ಲಿ ಕೂರಬೇಡಿ. ನಿಮ್ಮ ಸಂಬಳದ ಖಾತೆಯಿಂದ ಕಂತು ಹೋಗಿದ್ದರೆ ಮೊದಲ ಕಂತಿನಿಂದ ಸ್ಟೇಟ್‌ಮೆಂಟ್ ತೆಗೆಸಿ. ಮುಂಗಡಕ್ಕೆ ತವರಿಂದ ಹಣ ಕೊಟ್ಟಿದ್ದರೆ ಅದರ ದಾಖಲೆ ಹುಡುಕಿ. ಗಂಡ-ಹೆಂಡತಿ ನಡುವಿನ ಆಸ್ತಿ ತಕರಾರನ್ನು ಫ್ಯಾಮಿಲಿ ಕೋರ್ಟೇ ಕೇಳಬಹುದು, 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 7ನೇ ಕಲಂನಲ್ಲಿ ಅದು ಇದೆ. ಗಂಡನ ಹೆಸರಲ್ಲಿ ಇದ್ದರೂ ನನ್ನ ದುಡ್ಡು ಇಷ್ಟು ಹೋಗಿದೆ ಅಂತ ಅಲ್ಲಿ ಕೇಳಬಹುದು. ರಾಜಿ ಮಾತುಕತೆಯಲ್ಲಂತೂ ಈ ಸ್ಟೇಟ್‌ಮೆಂಟ್ ಮೇಜಿನ ಮೇಲೆ ಇಟ್ಟರೆ "ಅರ್ಧಾ ಅರ್ಧಾ" ಅನ್ನುವವರ ದನಿ ಇಳಿಯುತ್ತದೆ.

ಇದರಿಂದ ಹೊರಬರುವ ದಾರಿಗಳಲ್ಲಿ ಎಲ್ಲಕ್ಕಿಂತ ಸ್ವಚ್ಛವಾದದ್ದು ಮನೆ ಮಾರಿ ಸಾಲ ತೀರಿಸಿ ಉಳಿದದ್ದನ್ನು ಹಂಚಿಕೊಳ್ಳುವುದು. ಗಂಡನ ಮನೆಯವರು ಒಪ್ಪುವುದು ಕಷ್ಟ, ಗೊತ್ತು. ಎರಡನೆಯದು, ಗಂಡ ಒಬ್ಬರೇ ಸಾಲ ವಹಿಸಿಕೊಳ್ಳುವುದು. ಅದಕ್ಕೆ ಬ್ಯಾಂಕು ಒಪ್ಪಬೇಕು, ಅವರ ಒಬ್ಬರ ಆದಾಯಕ್ಕೆ ಆ ಸಾಲ ಹೊಂದುತ್ತಾ ಅಂತ ನೋಡುತ್ತದೆ, ಮಗ್ಗದ ಆದಾಯ ಐಟಿ ರಿಟರ್ನ್‌ನಲ್ಲಿ ಕಡಿಮೆ ತೋರಿಸಿದ್ದರೆ ಇಲ್ಲಿ ಅದು ಅವರಿಗೇ ತಿರುಗಿ ಬೀಳುತ್ತದೆ. ಆಗ ಅಣ್ಣನೋ ತಮ್ಮನೋ ಸಹ-ಸಾಲಗಾರರಾಗಿ ಸೇರಬಹುದು, ಅಥವಾ ಬೇರೆ ಬ್ಯಾಂಕಿಗೆ ಸಾಲ ವರ್ಗ ಮಾಡಿಸಬಹುದು. ಏನೇ ಮಾಡಿದರೂ ನಿಮ್ಮ ಹೆಸರು ತೆಗೆದಿದ್ದೇವೆ ಅನ್ನುವ ಬ್ಯಾಂಕಿನ ಪತ್ರ ನಿಮ್ಮ ಕೈಗೆ ಬರಬೇಕು. ಮೂರನೆಯದು, ಜನ ಸಾಮಾನ್ಯವಾಗಿ ಮಾಡುವುದು: ಸಾಲ ಹಾಗೇ ಇರಲಿ, ಅವರು ಕಟ್ಟುತ್ತಾರೆ, ತಪ್ಪಿದರೆ ನಷ್ಟ ಭರಿಸುತ್ತಾರೆ ಅಂತ ರಾಜಿ ಪತ್ರದಲ್ಲಿ ಬರೆಸುವುದು. ಇದು ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ. ಇನ್ನೂ ಹತ್ತು ಹದಿನೈದು ವರ್ಷ ಅವರ ಕಂತು ಹೋಯ್ತಾ ಇಲ್ವಾ ಅಂತ ನೀವು ಪ್ರತಿ ತಿಂಗಳು ನೋಡುತ್ತಾ ಕೂರಬೇಕು, ನಾಳೆ ನಿಮ್ಮದೇ ಒಂದು ಮನೆಗೆ ಸಾಲ ಕೇಳಿದರೆ ಈ 18 ಲಕ್ಷ ನಿಮ್ಮ ಲೆಕ್ಕದಲ್ಲೇ ಕಾಣುತ್ತದೆ.

ಪರ್ಸನಲ್ ಲೋನ್ ನಿಮ್ಮ ಹೆಸರಲ್ಲಿದೆ, ಬ್ಯಾಂಕಿಗೆ ನೀವೇ ಕಟ್ಟಬೇಕು. ಕಂತು ನಿಲ್ಲಿಸಿ ಗಂಡನಿಗೆ ಬುದ್ಧಿ ಕಲಿಸಲು ಹೋಗಬೇಡಿ, ಪೆಟ್ಟು ನಿಮಗೇ. ಆದರೆ ಆ ಹಣ ನಿಮ್ಮ ಖಾತೆಗೆ ಬಂದ ದಿನ, ಅಲ್ಲಿಂದ ಗಂಡನಿಗೋ ಮಂಗಲ ಕಾರ್ಯಾಲಯಕ್ಕೋ ಹೋದ ದಿನ ಎರಡೂ ಸ್ಟೇಟ್‌ಮೆಂಟ್‌ನಲ್ಲಿ ಇರುತ್ತವೆ. ಆ ಹಾಳೆ ಇಟ್ಟುಕೊಂಡು 3 ಲಕ್ಷವನ್ನು ರಾಜಿ ಮೊತ್ತಕ್ಕೆ ಸೇರಿಸಿ ಕೇಳಿ.

ಬಂಗಾರದ ವಿಷಯದಲ್ಲಿ ಲೆಕ್ಕ ಉಲ್ಟಾ. ಅದು ಸಾಲದ ಪಟ್ಟಿಯಲ್ಲೇ ಇರಬಾರದು. ಸ್ತ್ರೀಧನ, ಅಂದರೆ ಹೆಣ್ಣಿಗೆ ತವರಿಂದ, ಉಡುಗೊರೆಯಾಗಿ ಬಂದದ್ದು, ನಿಮ್ಮೊಬ್ಬರದೇ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. 2024ರಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಮತ್ತೆ ಅದನ್ನೇ ಹೇಳಿತು: ಗಂಡ ಕಷ್ಟಕ್ಕೆ ಬಳಸಿಕೊಂಡರೂ ಅದು ಇಬ್ಬರ ಆಸ್ತಿಯಾಗಲ್ಲ, ಹಿಂದಿರುಗಿಸಬೇಕು. ಅಲ್ಲಿ 89 ಪವನ್ (ಒಂದು ಪವನ್ ಅಂದರೆ 8 ಗ್ರಾಂ) ಬಂಗಾರದ ಬದಲು 25 ಲಕ್ಷ ರೂಪಾಯಿ ಕೊಡಲು ಆದೇಶವಾಯಿತು. ಅಂದರೆ 5 ಲಕ್ಷದ ಅರ್ಧ ನಿಮ್ಮ ಪಾಲಲ್ಲ. ಅವರು 5 ಲಕ್ಷ ಮತ್ತು ಬಡ್ಡಿ ಕಟ್ಟಿ ಬಿಡಿಸಿ 12 ತೊಲೆ ನಿಮ್ಮ ಕೈಗೆ ಕೊಡಬೇಕು. ಒಂದು ಅಪಾಯ ಮಾತ್ರ ನೆನಪಿರಲಿ. ಅಡವು ಅವರ ಹೆಸರಲ್ಲಿ ಇರುವುದರಿಂದ ಹರಾಜಿನ ನೋಟಿಸ್ ಬರುವುದು ಅವರಿಗೆ, ನಿಮಗಲ್ಲ. ಅಡವಿನ ಚೀಟಿಯ ಫೋಟೋ ಆದರೂ ಕೇಳಿ ತಗೊಳ್ಳಿ, ವಾಯಿದೆ ದಿನ ನೋಡಿ. ಮದುವೆ ಫೋಟೋ, ಅಪ್ಪ ಬಂಗಾರ ತಂದ ಅಂಗಡಿಯ ಬಿಲ್ಲು, ಎರಡನ್ನೂ ಒಂದು ಕಡೆ ಇಡಿ. ಕೊಡುವುದೇ ಇಲ್ಲ ಅಂದರೆ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005ರ ಕೆಳಗೆ ಮ್ಯಾಜಿಸ್ಟ್ರೇಟ್ ಹತ್ತಿರ ಸ್ತ್ರೀಧನ ವಾಪಸ್ ಕೇಳಬಹುದು. ನಂಬಿಕೆ ದ್ರೋಹದ ಕ್ರಿಮಿನಲ್ ಕೇಸೂ ಹಾಕಬಹುದು, ಆದರೆ ಅದು ಹಾಕಿದ ದಿನ ಪರಸ್ಪರ ಒಪ್ಪಿಗೆಯ ಡೈವೋರ್ಸ್ ಹೆಚ್ಚೂಕಮ್ಮಿ ಸತ್ತಂತೆ. ನಾನಾದರೆ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಕೈಗಡ 6 ಲಕ್ಷ. ಡೈವೋರ್ಸ್ ಮಾತು ಬಂದ ಕೂಡಲೇ ಕಾಕಾ, ಮಾಮಾ, ಗೆಳೆಯರಿಂದ ತಂದ ಸಾಲಗಳು ಎಲ್ಲಿಂದಲೋ ಹುಟ್ಟಿಕೊಳ್ಳುತ್ತವೆ. ನಿಜವೂ ಇರಬಹುದು, ಸುಮ್ನೆ ಬೇಡ ಅನ್ನಲ್ಲ. ಆದರೆ ನೀವು ಸಹಿ ಮಾಡಿಲ್ಲ ಅಂದ ಮೇಲೆ ಅದು ನಿಮ್ಮ ಸಾಲ ಅಲ್ಲ. ಮತ್ತೆ, ಆದಾಯ ತೆರಿಗೆ ಕಾನೂನಿನಲ್ಲಿ 20,000 ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ಪಡೆಯುವಂತಿಲ್ಲ. ಬ್ಯಾಂಕ್ ಮೂಲಕ ಬಂದಿದ್ದರೆ ತೋರಿಸಲಿ. ಮಗಳ ಜೀವನಾಂಶದ ವಿಷಯ ಬಂದರೆ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ಆಸ್ತಿ, ಸಾಲ ಎಲ್ಲದರ ಅಫಿಡವಿಟ್ ಕೊಡಬೇಕು, ಅಲ್ಲಿ ಸುಳ್ಳು ಬರೆದರೆ ಅದೇ ಒಂದು ಅಪರಾಧ. "ನನಗೆ ಇಷ್ಟು ಕಂತಿದೆ, ಮಗಳಿಗೆ ಏನು ಕೊಡಲಿ" ಅನ್ನುವುದನ್ನು ಕೋರ್ಟುಗಳು ಸಾಮಾನ್ಯವಾಗಿ ಒಪ್ಪಲ್ಲ. ತಾನಾಗಿ ಮಾಡಿಕೊಂಡ ಸಾಲದ ಕಂತನ್ನು ಕಳೆದು ಆದಾಯ ಲೆಕ್ಕ ಹಾಕುವ ಪದ್ಧತಿ ಇಲ್ಲ. ಆದರೆ ಈ ನಿಯಮ ನಿಮ್ಮ ಕಂತುಗಳಿಗೂ ಅನ್ವಯಿಸುತ್ತದೆ, ನಿಮಗೂ ಸಂಬಳ ಇದೆ ಅನ್ನುವುದನ್ನು ಅವರ ವಕೀಲರು ಎತ್ತಿಯೇ ಎತ್ತುತ್ತಾರೆ.

ಈಗ ಆ ಎರಡು ಚೆಕ್. ನೀವು ಪತ್ರದ ಕೊನೆಗೆ ಒಂದು ಸಾಲಲ್ಲಿ ಬರೆದಿದ್ದೀರಿ. ನಾನಾದರೆ ಅದನ್ನು ಮೊದಲೇ ಬರೆಯುತ್ತಿದ್ದೆ. ಸಹಿ ಮಾಡಿದ ಖಾಲಿ ಚೆಕ್‌ನಲ್ಲಿ ಇನ್ನೊಬ್ಬರು ಮೊತ್ತ ಬರೆದರೂ ಅದು ಸಾಲಕ್ಕೇ ಕೊಟ್ಟ ಚೆಕ್ ಅಂತ ಕೋರ್ಟ್ ಮೊದಲು ಊಹಿಸುತ್ತದೆ, ಸುಪ್ರೀಂ ಕೋರ್ಟ್ 2019ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಅಲ್ಲ ಅಂತ ತೋರಿಸುವ ಹೊರೆ ನಿಮ್ಮ ಮೇಲೆ. ಆದ್ದರಿಂದ ಈಗಲೇ ವ್ಯಾಪಾರಿಗೆ ರಿಜಿಸ್ಟ್ರೇಷನ್ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ: ಈ ನಂಬರಿನ ಎರಡು ಚೆಕ್ ಗಂಡನ ನೂಲಿನ ವ್ಯವಹಾರಕ್ಕೆ ಭದ್ರತೆಗಾಗಿ ಕೊಟ್ಟಿದ್ದು, ನನಗೂ ನಿಮಗೂ ಲೇವಾದೇವಿ ಇಲ್ಲ, ವಾಪಸ್ ಕೊಡಿ. ಬ್ಯಾಂಕಿಗೂ ಪೇಮೆಂಟ್ ನಿಲ್ಲಿಸಲು ಬರೆದುಕೊಡಿ, ಆದರೆ ಅಷ್ಟರಿಂದಲೇ ಚೆಕ್ ಬೌನ್ಸ್ ಕೇಸು ತಪ್ಪಲ್ಲ. ಚೆಕ್ ವಾಪಸಾದರೆ ಅವರು 30 ದಿನದೊಳಗೆ ನೋಟಿಸ್ ಕೊಡಬೇಕು, ನಿಮಗೆ ಅದು ತಲುಪಿದ ಮೇಲೆ ಹಣ ಕಟ್ಟಲು 15 ದಿನ. ಆ 15 ದಿನದೊಳಗೆ ವಕೀಲರ ಮೂಲಕ ಉತ್ತರ ಹೋಗಲೇಬೇಕು. "ನನ್ನ ಸಾಲ ಅಲ್ಲ" ಅಂತ ಸುಮ್ಮನೆ ಕೂತವರೇ ಈ ಕೇಸುಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ನಿಮಗಲ್ಲ, ಇದನ್ನು ಓದುವ ಬೇರೆ ಹೆಣ್ಣುಮಕ್ಕಳಿಗೆ ಒಂದು ಮಾತು. ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ತಂದು ದುಡ್ಡು ಗಂಡನ ಕೈಗೆ ಕೊಟ್ಟಿದ್ದರೂ ಸಾಲ ನಿಮ್ಮದೇ, ಗುಂಪಿನ ಉಳಿದವರೂ ನಿಮ್ಮನ್ನೇ ಕೇಳುತ್ತಾರೆ. ಮನೆ ಮುಂದೆ ಬಂದು ಬೈಯುವುದು, ಬೆದರಿಸುವುದು ಮಾಡಿದರೆ 2025ರಲ್ಲಿ ರಾಜ್ಯ ಸರ್ಕಾರ ತಂದ ಕಾನೂನಿನಡಿ ಪೊಲೀಸರಿಗೆ ದೂರು ಕೊಡಬಹುದು.

ಇನ್ನು ಹಿರಿಯರ ಬಾಂಡ್ ಪೇಪರ್. ಅವರ ಮೇಲೆ ನನಗೆ ಬೇಸರ ಇಲ್ಲ, ಜಗಳ ಬೆಳೆಯದಿರಲಿ ಅಂತ ಕೂರುತ್ತಾರೆ. ಆದರೆ ಹಾಗೆ ಬರೆದ ಸೋಡಚೀಟಿಯಿಂದ (ಬಿಡುಗಡೆ ಪತ್ರದಿಂದ) ನಿಮ್ಮ ಮದುವೆ ಮುರಿಯಲ್ಲ, ನಿಮ್ಮ ಸಮಾಜದಲ್ಲಿ ಅಂಥ ಪದ್ಧತಿ ಹಿಂದಿನಿಂದ ಇದೆ ಅಂತ ಸಾಬೀತು ಮಾಡಿದರೆ ಮಾತ್ರ ಬೇರೆ. ಸಾಲದ ಮಟ್ಟಿಗೆ ಮಾತ್ರ ಆ ಕಾಗದಕ್ಕೆ ಜೀವ ಇದೆ. "ಅರ್ಧ ಸಾಲ ನಾನು ಕಟ್ಟುತ್ತೇನೆ" ಅಂತ ಸಹಿ ಮಾಡಿದರೆ, ನಿಮ್ಮದಲ್ಲದ ಆ ಕೈಗಡವನ್ನೂ ಬಂಗಾರದ 5 ಲಕ್ಷವನ್ನೂ ನೀವೇ ಒಪ್ಪಿಕೊಂಡ ಹಾಗೆ. ನಾಳೆ ಕೋರ್ಟಿನಲ್ಲಿ ಅದನ್ನೇ ಮೊದಲು ಹಾಜರುಪಡಿಸುತ್ತಾರೆ.

ಸಭೆಗೆ ಹೋಗಿ, ಸಹಿ ಬೇಡ. "ವಕೀಲರಿಗೆ ತೋರಿಸಿ ಕೋರ್ಟಿನಲ್ಲೇ ಬರೆದುಕೊಡತೀನ್ರಿ" ಅನ್ನಿ. ಪರಸ್ಪರ ಒಪ್ಪಿಗೆಯ ಡೈವೋರ್ಸ್ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಪ್ರಕಾರ ಎರಡು ಹಂತ. ಮೊದಲ ಅರ್ಜಿ ಹಾಕಿ ಆರು ತಿಂಗಳಾದ ಮೇಲೆ ಎರಡನೇ ಸಲ ಇಬ್ಬರೂ ಒಪ್ಪಿಗೆ ಹೇಳಬೇಕು, ಅಲ್ಲಿಯವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ನೀವು ಎರಡು ವರ್ಷದಿಂದ ಬೇರೆ ಇದ್ದೀರಿ, ಹಾಗಾಗಿ ಈ ಆರು ತಿಂಗಳನ್ನು ಮನ್ನಾ ಮಾಡಿ ಅಂತ 2017ರ ಅಮರದೀಪ್ ಸಿಂಗ್ ತೀರ್ಪು ತೋರಿಸಿ ಅವರ ವಕೀಲರು ಕೇಳುವ ಸಾಧ್ಯತೆ ಇದೆ. ನೀವು ಆತುರಪಟ್ಟು ಒಪ್ಪಬೇಡಿ. ನಿಮ್ಮ ಕೈಯಲ್ಲಿರುವ ಹಿಡಿತ ಆ ಆರು ತಿಂಗಳೇ. ಮೊದಲ ಅರ್ಜಿಯ ಜೊತೆ ಕೊಡುವ ರಾಜಿ ಪತ್ರದಲ್ಲಿ ಒಂದೊಂದು ಸಾಲಕ್ಕೂ ಖಾತೆ ನಂಬರು, ಯಾರು ತೀರಿಸಬೇಕು, ಯಾವ ತಾರೀಖಿನೊಳಗೆ ಅಂತ ಬರೆಸಿ. ಎರಡನೇ ಸಲ ಕೋರ್ಟಿಗೆ ಹೋಗುವ ಮುನ್ನ ಬ್ಯಾಂಕಿನ ಪತ್ರ, ಸೊಸೈಟಿಯಲ್ಲಿ ನಿಮ್ಮ ಬದಲು ಬೇರೆ ಜಾಮೀನುದಾರರನ್ನು ತಗೊಂಡಿದ್ದಕ್ಕೆ ದಾಖಲೆ, 12 ತೊಲೆ ಬಂಗಾರ, ಎರಡು ಚೆಕ್, ಇಷ್ಟೂ ನಿಮ್ಮ ಕೈಗೆ ಬಂದಿರಬೇಕು. ಡಿಕ್ರಿ ಆದ ಮೇಲೆ ಕೊಡುತ್ತೇನೆ ಅಂದರೆ, ಕೊಟ್ಟ ಮೇಲೆಯೇ ಡಿಕ್ರಿಗೆ ಒಪ್ಪುತ್ತೇನೆ ಅನ್ನಿ.

ಅವರು ಪೂರ್ತಿ ಒಪ್ಪಲಿಕ್ಕಿಲ್ಲ. ಆಗ ಎಲ್ಲಿ ಬಿಡಬಹುದು ಅಂತ ಕೇಳಿದರೆ, ಪರ್ಸನಲ್ ಲೋನಿನ 3 ಲಕ್ಷ ಬಿಡಿ, ಮನೆಗೆ ಕಟ್ಟಿದ ಕಂತಿನಲ್ಲೂ ಸ್ವಲ್ಪ ಬಿಡಬಹುದು. ಸೊಸೈಟಿ ಜಾಮೀನು ಮತ್ತು ಚೆಕ್ ವಿಷಯದಲ್ಲಿ ಬಿಡಬೇಡಿ. ಹೋದ ದುಡ್ಡಿಗೆ ಒಂದು ಲೆಕ್ಕ ಇರುತ್ತದೆ, ಈ ಎರಡಕ್ಕೆ ಮುಂದೆ ಎಷ್ಟಾಗುತ್ತದೆ ಅನ್ನುವ ಮಿತಿಯೇ ಇಲ್ಲ. ಜಾಮೀನು ಪತ್ರದ ನಕಲು ಸಿಕ್ಕ ಮೇಲೆ ನಿಮ್ಮ ವಕೀಲರಿಗೆ 130 ಮತ್ತು 133ನೇ ಕಲಂ ಬಿಟ್ಟುಕೊಟ್ಟ ಷರತ್ತು ಅದರಲ್ಲಿ ಇದೆಯಾ ಅಂತ ಮೊದಲು ನೋಡಲು ಹೇಳಿ.